ಎಂಟರವರೆಗೆ ಎಣಿಸಿದ ಮೇಲೆ

ಬಾಕ್ಸಿಂಗ್ ರಿಂಗಿನೊಳಗೆ ಮೂವರಿರುತ್ತಾರೆ. ಇಬ್ಬರು ಹೊಡೆದಾಡುತ್ತಾರೆ, ಮೂರನೆಯವರು ಇನ್ನು ಸಾಕು ಎನ್ನುತ್ತಾರೆ. ಅಂಕ ಹಾಕುವ ತೀರ್ಪುಗಾರರು ಹಗ್ಗದಾಚೆ ಕೂತಿರುತ್ತಾರೆ. ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎಂಬ ಲೆಕ್ಕ ಅವರದು. ರೆಫರಿಗೆ ಆ ಲೆಕ್ಕ ಬೇಕಿಲ್ಲ. ಎದುರಿಗಿರುವ ಮನುಷ್ಯ ಮುಂದಿನ ಗುದ್ದಿನಿಂದ ತನ್ನನ್ನು ಕಾಯ್ದುಕೊಳ್ಳಬಲ್ಲನೇ ಎಂಬುದೊಂದೇ ಅವರು ನೋಡಬೇಕಾದ ಸಂಗತಿ. ಕಾಯ್ದುಕೊಳ್ಳಲಾರ ಎನಿಸಿದ ಕ್ಷಣ ಎರಡೂ ಕೈ ಮೇಲೆತ್ತಿ ಬೀಸಿದರೆ ಪಂದ್ಯ ಮುಗಿಯಿತು. ಫಲಿತಾಂಶದ ಪಟ್ಟಿಯಲ್ಲಿ ಅದು ಟೆಕ್ನಿಕಲ್ ನಾಕೌಟ್ ಎಂದು ದಾಖಲಾಗುತ್ತದೆ.

ಅಮೆರಿಕದ ಬಾಕ್ಸಿಂಗ್ ಆಯೋಗಗಳ ಏಕರೂಪ ನಿಯಮಾವಳಿಯ ಪ್ರಕಾರ ಪಂದ್ಯ ನಿಲ್ಲಿಸುವ ಅಧಿಕಾರ ರೆಫರಿ ಒಬ್ಬರದೇ. ರಿಂಗಿನ ಪಕ್ಕದ ಡಾಕ್ಟರು ಸಲಹೆ ಕೊಡಬಹುದು. ನ್ಯೂಯಾರ್ಕಿನಂಥ ಕೆಲವು ಕಡೆ ಅವರಿಗೂ ನಿಲ್ಲಿಸುವ ಹಕ್ಕುಂಟು. ಕೋಚ್ ಕೈಚೆಲ್ಲಬಹುದು. ಆದರೆ ಗುದ್ದು ಬೀಳುತ್ತಿರುವಾಗ ಕೈಗೆಟುಕುವಷ್ಟು ಹತ್ತಿರ ಇರುವವರು ರೆಫರಿ ಮಾತ್ರ. ಯಾವಾಗ ನಿಲ್ಲಿಸಬೇಕು ಎಂಬುದನ್ನು ಯಾವ ನಿಯಮ ಪುಸ್ತಕವೂ ಇಷ್ಟು ಗುದ್ದು, ಇಷ್ಟು ಸೆಕೆಂಡು ಎಂದು ಅಳೆದು ಕೊಟ್ಟಿಲ್ಲ.

ಹಳೆಯ ಕಾಲದಲ್ಲಿ ಇಂಥ ಪ್ರಶ್ನೆಗೆ ಜಾಗವೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಜ್ಯಾಕ್ ಬ್ರಾಟನ್ 1743ರಲ್ಲಿ ಮಾಡಿದ ನಿಯಮಗಳ ಪ್ರಕಾರ ಬಿದ್ದವನಿಗೆ ಅರ್ಧ ನಿಮಿಷ ಸಿಗುತ್ತಿತ್ತು. ಅಷ್ಟರಲ್ಲಿ ಅವನ ಕಡೆಯವರು ಎತ್ತಿ, ನೀರು ಚಿಮುಕಿಸಿ, ಮತ್ತೆ ಅಖಾಡದ ನಡುವಿನ ಗೆರೆಗೆ ತಂದು ನಿಲ್ಲಿಸಿದರೆ ಕಾಳಗ ಮುಂದುವರಿಯುತ್ತಿತ್ತು. 1867ರಲ್ಲಿ ಜಾನ್ ಗ್ರಹಾಂ ಚೇಂಬರ್ಸ್ ಬರೆದು, ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ ಹೆಸರಿನಲ್ಲಿ ಪ್ರಕಟವಾದ ನಿಯಮಗಳು ಮೂರು ನಿಮಿಷದ ಸುತ್ತನ್ನೂ ಕೈಗವಸನ್ನೂ ಹತ್ತು ಸೆಕೆಂಡಿನ ಎಣಿಕೆಯನ್ನೂ ತಂದವು. ಬಿದ್ದವನು ಯಾರ ನೆರವೂ ಇಲ್ಲದೆ ಹತ್ತರೊಳಗೆ ಏಳಬೇಕು. ಆದರೆ ಎದ್ದು ನಿಂತವನೆಲ್ಲ ಹೊಡೆದಾಡಬಲ್ಲವನೂ ಆಗಿರುತ್ತಾನೆಂದು ಎಣಿಕೆ ಹೇಳುವುದಿಲ್ಲ. ಈ ಸಂದು ತುಂಬಲು ರೆಫರಿಯ ಕಣ್ಣು ಬೇಕಾಯಿತು.

ಕನ್ನಡ ನಾಡಿನಲ್ಲೇ ಇದಕ್ಕೆ ತದ್ವಿರುದ್ಧದ ಒಂದು ಮಾದರಿ ಇದೆ. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳಿಗೆ ಮುಷ್ಟಿ ಆಯುಧ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಎಷ್ಟೋ ಸಲ ನೋಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿರುತ್ತದೆ. ಯಾವಾಗ ನಿಲ್ಲಿಸಬೇಕೆಂಬ ಚರ್ಚೆಗೆ ಅಲ್ಲಿ ಎಡೆಯೇ ಇಲ್ಲ. ನೋಡಲು ಭೀಕರ, ನಿಯಮ ಮಾತ್ರ ನಿಚ್ಚಳ. ಬಾಕ್ಸಿಂಗ್‌ನ ತೊಡಕೆಂದರೆ ಅಲ್ಲಿ ರಕ್ತ ಒಳಗೆ ಹರಿಯುತ್ತದೆ.

ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಗುದ್ದು ಗದ್ದಕ್ಕೋ ಕಪಾಲಕ್ಕೋ ತಾಗಿ ತಲೆ ಗಕ್ಕನೆ ತಿರುಗಿದಾಗ ಬುರುಡೆ ಮೊದಲು ತಿರುಗುತ್ತದೆ, ಮಿದುಳು ಒಂದು ಗಳಿಗೆ ಹಿಂದೆ ಬೀಳುತ್ತದೆ. ಇವೆರಡರ ನಡುವೆ ಹಾದುಹೋಗುವ ತೆಳು ರಕ್ತನಾಳಗಳು ಆ ಎಳೆತಕ್ಕೆ ಹರಿದರೆ ಮಿದುಳಿನ ಹೊರಪೊರೆಯ ಕೆಳಗೆ ರಕ್ತ ಶೇಖರವಾಗಿ ಮಿದುಳನ್ನು ಒತ್ತತೊಡಗುತ್ತದೆ. ವೈದ್ಯರು ಇದನ್ನು ಸಬ್‌ಡ್ಯೂರಲ್ ಹೆಮಟೋಮಾ ಎನ್ನುತ್ತಾರೆ. ರಿಂಗಿನಲ್ಲಿ ಆಗುವ ಸಾವುಗಳಿಗೆ ಹೆಚ್ಚಾಗಿ ಇದೇ ಕಾರಣ. ಕೈಗವಸು ಇದನ್ನು ತಡೆಯುವುದಿಲ್ಲ. ಅದು ಹೊಡೆಯುವವನ ಬೆರಳಿನ ಎಲುಬನ್ನು ಕಾಯುವಷ್ಟು ಹೊಡೆಸಿಕೊಳ್ಳುವವನ ತಲೆಯನ್ನು ಕಾಯುವುದಿಲ್ಲ. ಕೈ ನೋಯದ ಕಾರಣ ತಲೆಗೇ ಇನ್ನಷ್ಟು ಹೊಡೆಯಲು ಧೈರ್ಯ ಬರುತ್ತದೆ. ರಕ್ತ ತುಂಬಿಕೊಳ್ಳಲು ಕೆಲವೊಮ್ಮೆ ಹೊತ್ತು ಹಿಡಿಯುವುದರಿಂದ, ಪೆಟ್ಟು ತಿಂದವನು ಕಾಲ ಮೇಲೆ ನಿಂತಿರಬಹುದು, ಮಾತಾಡಲೂಬಹುದು. ಆಮೇಲೆ ತಲೆನೋವು, ವಾಂತಿ, ಪ್ರಜ್ಞೆ ತಪ್ಪುವುದು.

ಈ ರಕ್ತಸ್ರಾವ ರೆಫರಿಗೆ ಕಾಣುವುದಿಲ್ಲ. ಕಾಣುವುದು ಅದರ ಸುತ್ತಮುತ್ತಲಿನ ಸುಳಿವುಗಳು. ಮೊದಲು ಕಣ್ಣು: ನೋಟ ಎದುರಾಳಿಯನ್ನು ಹಿಂಬಾಲಿಸುತ್ತಿದೆಯೇ, ಎಲ್ಲೋ ನೆಟ್ಟು ಹೋಗಿದೆಯೇ. ಆಮೇಲೆ ಕಾಲು, ಅದು ಕಣ್ಣಿಗಿಂತ ನಿಜ ಹೇಳುತ್ತದೆ. ಮಂಡಿ ಮೆತ್ತಗಾದವನು ಹಗ್ಗ ಹಿಡಿದೋ ಎದುರಾಳಿಯನ್ನು ತಬ್ಬಿಯೋ ನಿಲ್ಲುತ್ತಾನೆ. ಕೈಗಳು ಮುಖದ ಮುಂದಿನಿಂದ ಸೊಂಟಕ್ಕೆ ಇಳಿದಿವೆಯೇ, ಗುದ್ದು ತಾಗಿದಾಗ ಕುತ್ತಿಗೆ ಬಿಗಿಯಾಗುತ್ತಿದೆಯೇ ಅಥವಾ ತಲೆ ಬಟ್ಟೆಯ ಗೊಂಬೆಯದರಂತೆ ಹಿಂದಕ್ಕೆ ಬೀಳುತ್ತಿದೆಯೇ, ಅವನು ಕೊಡುತ್ತಿರುವ ಗುದ್ದಿನಲ್ಲಿ ಜೀವವಿದೆಯೇ ಅಥವಾ ಕೈ ಸುಮ್ಮನೆ ಚಾಚುತ್ತಿದೆಯೇ. ಬಿದ್ದವನ ಒಂದು ತೋಳು ಗಾಳಿಯಲ್ಲಿ ಸೆಟೆದು ನಿಂತರೆ ಎಣಿಸುವ ಅಗತ್ಯವೂ ಇಲ್ಲ.

ಬಿದ್ದವನು ಬೇಗ ಎದ್ದರೂ ಎಂಟರವರೆಗೆ ಎಣಿಸುವುದು ಕಡ್ಡಾಯ. ಆ ಎಂಟು ಸೆಕೆಂಡು ಬಾಕ್ಸರಿಗೆ ವಿಶ್ರಾಂತಿ ಎಂದು ಹಲವರು ಭಾವಿಸುತ್ತಾರೆ. ನಿಜಕ್ಕೂ ಅದು ರೆಫರಿಯ ಪರೀಕ್ಷೆಯ ಸಮಯ. ಒಳ್ಳೆಯ ರೆಫರಿ ಬಿದ್ದವನ ಮುಖದ ಎದುರಿಗೇ ಬಂದು ಬೆರಳು ತೋರಿಸಿ ಎಣಿಸುತ್ತಾರೆ, ಎಂಟಾದ ಮೇಲೆ ಅವನ ಕೈಗವಸು ಹಿಡಿದು ನೋಡುತ್ತಾರೆ, ಹೇಗಿದ್ದೀಯ ಎಂದು ಕೇಳುತ್ತಾರೆ, ಎರಡು ಹೆಜ್ಜೆ ನಡೆದು ಬಾ ಎನ್ನುತ್ತಾರೆ. 2018ರ ಡಿಸೆಂಬರ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಹೆವಿವೇಟ್ ಚಾಂಪಿಯನ್ ಡಿಯೋಂಟೆ ವೈಲ್ಡರ್ ಕೊನೆಯ ಸುತ್ತಿನಲ್ಲಿ ಟೈಸನ್ ಫ್ಯೂರಿಯವರನ್ನು ಅಂಗಾತ ಕೆಡವಿದರು. ಎಣಿಸದೇ ಪಂದ್ಯ ಮುಗಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ರೆಫರಿ ಜ್ಯಾಕ್ ರೈಸ್ ಬಗ್ಗಿ ಎಣಿಸಿದರು. ಎಣಿಕೆ ಮುಗಿಯುವ ಮುನ್ನ ಫ್ಯೂರಿ ಎದ್ದರು; ರೈಸ್ ಅವರನ್ನು ಎಡಕ್ಕೆ ನಡೆಸಿ ವಾಪಸು ಕರೆದರು, ನಡೆದದ್ದು ನೆಟ್ಟಗಿತ್ತು, ಬಿಟ್ಟರು. ಪಂದ್ಯ ಡ್ರಾ ಆಯಿತು.

ಬಾಯಿಮಾತಿನ ಉತ್ತರವನ್ನು ಮಾತ್ರ ನಂಬುವಂತಿಲ್ಲ. ಬಾಕ್ಸರ್ ಯಾವತ್ತೂ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ. ಸಾಕು ಎಂದವನಿಗೆ ಈ ಆಟದಲ್ಲಿ ಮರ್ಯಾದೆ ಇಲ್ಲ: 1980ರ ನವೆಂಬರ್‌ನಲ್ಲಿ ಶುಗರ್ ರೇ ಲೆನಾರ್ಡ್ ಎದುರು ಎಂಟನೇ ಸುತ್ತಿನಲ್ಲಿ ಬೆನ್ನು ತಿರುಗಿಸಿದ ಪನಾಮಾದ ರೊಬೆರ್ಟೊ ಡುರಾನ್ ಆ ಒಂದು ಗಳಿಗೆಯ ಅಪಹಾಸ್ಯವನ್ನು ವರ್ಷಗಟ್ಟಲೆ ಹೊತ್ತರು. ಎಷ್ಟೋ ಸಲ ತಾನು ಹೇಗಿದ್ದೇನೆಂದು ಬಾಕ್ಸರಿಗೇ ತಿಳಿದಿರುವುದಿಲ್ಲ. 2001ರ ನವೆಂಬರ್ 3ರಂದು ಲಾಸ್ ವೇಗಸ್‌ನಲ್ಲಿ ಕೋಸ್ತ್ಯ ಜ್ಯೂ ಅವರ ಬಲಗೈ ಗುದ್ದಿಗೆ ಬಿದ್ದ ಜ್ಯಾಬ್ ಜೂಡಾ ಏನೂ ಆಗದವರಂತೆ ತಟ್ಟನೆ ಎದ್ದರು. ಎದ್ದ ಮರುಕ್ಷಣ ಕಾಲುಗಳು ತಮ್ಮ ಪಾಡಿಗೆ ತಾವು ಕುಣಿಯತೊಡಗಿದವು, ಯಾರೂ ಮುಟ್ಟದೆ ಮತ್ತೆ ನೆಲಕ್ಕೆ ಬಿದ್ದರು. ರೆಫರಿ ಜೇ ನ್ಯಾಡಿ ಪಂದ್ಯ ನಿಲ್ಲಿಸಿದರು. ಮೋಸವಾಯಿತೆಂದು ಕೆರಳಿದ ಜೂಡಾ ರಿಂಗಿನೊಳಗೇ ಸ್ಟೂಲ್ ಎಸೆದರು, ನ್ಯಾಡಿಯವರ ಕುತ್ತಿಗೆಗೆ ಕೈಗವಸು ಒತ್ತಿದರು. ಅದಕ್ಕೆ 75,000 ಡಾಲರ್ ದಂಡ, ಆರು ತಿಂಗಳ ಅಮಾನತು. ತಾವು ಎರಡನೇ ಸಲ ಬಿದ್ದದ್ದು ಇಡೀ ಸಭಾಂಗಣದಲ್ಲಿ ಅವರೊಬ್ಬರಿಗೇ ಅರಿವಾಗದಂತಿತ್ತು.

ಹೀಗೆ ಬಿದ್ದೆದ್ದವನನ್ನು ಪರೀಕ್ಷಿಸಲು ಎಂಟು ಸೆಕೆಂಡಾದರೂ ಇರುತ್ತದೆ. ಬೀಳದವನೇ ಕಷ್ಟ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 1962ರ ಮಾರ್ಚ್ 24ರಂದು ಎಮಿಲ್ ಗ್ರಿಫಿತ್ ಮತ್ತು ಕ್ಯೂಬಾದ ಬೆನ್ನಿ ಪರೇಟ್ ನಡುವೆ ನಡೆದ ಪಂದ್ಯ ಈ ವಿಷಯದ ಮೊದಲ ಪಾಠ. ಆರನೇ ಸುತ್ತಿನಲ್ಲಿ ಸ್ವತಃ ಗ್ರಿಫಿತ್ ಬಿದ್ದು, ಗಂಟೆ ಬಾರಿಸಿದ್ದರಿಂದ ಉಳಿದುಕೊಂಡಿದ್ದರು. ಹನ್ನೆರಡನೇ ಸುತ್ತಿನಲ್ಲಿ ಅವರು ಪರೇಟ್‌ರನ್ನು ಮೂಲೆಗೆ ದೂಡಿದರು. ಪರೇಟ್ ಹಗ್ಗಕ್ಕೆ ಒರಗಿ ಸಿಕ್ಕಿಕೊಂಡಿದ್ದರು. ಬೀಳಬೇಕಾದ ದೇಹವನ್ನು ಹಗ್ಗ ಹಿಡಿದಿಟ್ಟಿತ್ತು. ಬಿದ್ದಿದ್ದರೆ ಎಣಿಕೆ ಶುರುವಾಗಿ ಗುದ್ದು ನಿಲ್ಲುತ್ತಿತ್ತು. ಅದಾಗಲಿಲ್ಲ, ಉತ್ತರವೇ ಇಲ್ಲದ ಹೊಡೆತಗಳು ಒಂದರ ಹಿಂದೊಂದು ತಲೆಗೆ ಬಿದ್ದವು. ರೆಫರಿ ರೂಬಿ ಗೋಲ್ಡ್‌ಸ್ಟೈನ್ ನಡುವೆ ನುಗ್ಗಿ ಗ್ರಿಫಿತ್‌ರನ್ನು ಎಳೆಯುವಷ್ಟರಲ್ಲಿ ಪರೇಟ್ ಕುಸಿದಿದ್ದರು. ಏಪ್ರಿಲ್ 3ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಟಿವಿಯ ನೇರ ಪ್ರಸಾರದಲ್ಲಿ ಅಮೆರಿಕ ಇದನ್ನೆಲ್ಲ ನೋಡಿತು. ಗೋಲ್ಡ್‌ಸ್ಟೈನ್ ಹೊಸಬರೇನಲ್ಲ, ಸ್ವತಃ ಬಾಕ್ಸರ್ ಆಗಿದ್ದವರು. ತನಿಖೆ ಅವರನ್ನು ತಪ್ಪಿತಸ್ಥರೆನ್ನಲಿಲ್ಲ, ಆದರೆ ಅವರ ರೆಫರಿ ಜೀವನ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಇನ್ನೊಂದು ಸಂಗತಿ ಮರೆಯುವಂತಿಲ್ಲ: ಈ ಪಂದ್ಯಕ್ಕೆ ನಾಲ್ಕು ತಿಂಗಳೂ ಇಲ್ಲದಿರುವಾಗ, 1961ರ ಡಿಸೆಂಬರ್ 9ರಂದು, ಪರೇಟ್ ತಮಗಿಂತ ಹೆಚ್ಚು ತೂಕದ ಜೀನ್ ಫುಲ್ಮರ್ ಕೈಯಲ್ಲಿ ವಿಪರೀತ ಪೆಟ್ಟು ತಿಂದು ನಾಕೌಟ್ ಆಗಿದ್ದರು. ಮಾರ್ಚ್‌ನ ಪಂದ್ಯವನ್ನು ನಿಲ್ಲಿಸಬಹುದಾಗಿದ್ದ ಮೊದಲ ಜಾಗ ಆಯೋಗದ ಕಚೇರಿ, ರಿಂಗು ಆಮೇಲಿನದು.

ಇದಕ್ಕಿಂತ ತೊಡಕಿನದು 1982ರ ನವೆಂಬರ್ 13ರ ಪಂದ್ಯ. ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಹದಿಮೂರು ಸುತ್ತು ಸಮಸಮ ಎನ್ನುವಂತೆ ಹೋರಾಡಿದರು. ಪೆಟ್ಟು ತಿಂದರು, ತಿರುಗಿ ಕೊಟ್ಟರು. ಹದಿನಾಲ್ಕನೇ ಸುತ್ತಿನ ಆರಂಭದಲ್ಲೇ ಬಿದ್ದರು, ಹಗ್ಗ ಹಿಡಿದು ಎದ್ದರು, ರೆಫರಿ ರಿಚರ್ಡ್ ಗ್ರೀನ್ ಕೂಡಲೇ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಕಿಮ್ ತೀರಿಕೊಂಡರು. ಎಲ್ಲಿ ತಡವಾಯಿತು ಎಂದು ಇಂದಿಗೂ ಬೆರಳಿಟ್ಟು ತೋರಿಸಲಾಗದು. ಬಾಕ್ಸರ್ ತಿರುಗಿ ಹೊಡೆಯುತ್ತಿದ್ದಾನೆ ಎಂಬುದೇ ರೆಫರಿಯ ಮುಖ್ಯ ಸಮಾಧಾನವಾದರೆ, ಅದು ಮೋಸ ಮಾಡಬಲ್ಲದು ಎಂದು ಆ ಪಂದ್ಯ ತೋರಿಸಿತು. ಒಂದೇ ಗುದ್ದಿಗೆ ನೆಲಕಚ್ಚಿದವನಿಗಿಂತ ಹತ್ತು ಸುತ್ತು ಬಿಡದೆ ಪೆಟ್ಟು ತಿಂದು ನಿಂತವನ ಬಗ್ಗೆಯೇ ಹೆಚ್ಚು ದಿಗಿಲುಪಡಬೇಕು. ಸುತ್ತುಗಳ ನಡುವಿನ ಒಂದು ನಿಮಿಷದಲ್ಲಿ ಸ್ಟೂಲಿನ ಬಳಿ ಹೋಗಿ ನೋಡುವ ರೆಫರಿ, ಡಾಕ್ಟರುಗಳ ಪದ್ಧತಿಗೆ ಇರುವ ಅರ್ಥ ಇದೇ. ಕಿಮ್ ಸಾವಿನ ನಂತರ ವಿಶ್ವ ಬಾಕ್ಸಿಂಗ್ ಮಂಡಳಿ ಚಾಂಪಿಯನ್ ಪಂದ್ಯಗಳನ್ನು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿಸಿತು, ಉಳಿದ ಸಂಸ್ಥೆಗಳೂ ಕ್ರಮೇಣ ಅದೇ ದಾರಿ ಹಿಡಿದವು. ಗ್ರೀನ್ ಮರುವರ್ಷ ಆತ್ಮಹತ್ಯೆ ಮಾಡಿಕೊಂಡರು.

ತಡವಾಗಿ ನಿಲ್ಲಿಸಿದವರ ಕಥೆಗಳು ಇವು. ಬೇಗ ನಿಲ್ಲಿಸಿದರೆಂದು ಬೈಸಿಕೊಂಡವರಲ್ಲಿ ಮೊದಲ ಹೆಸರು ರಿಚರ್ಡ್ ಸ್ಟೀಲ್. 1990ರ ಮಾರ್ಚ್ 17, ಲಾಸ್ ವೇಗಸ್ ಹಿಲ್ಟನ್. ಒಂದು ಕಡೆ ಮೆಕ್ಸಿಕೋದ ಹೂಲಿಯೊ ಸೀಸರ್ ಚಾವೆಜ್, ಇನ್ನೊಂದು ಕಡೆ 1984ರ ಒಲಿಂಪಿಕ್ಸ್ ಚಿನ್ನ ಗೆದ್ದ ಫಿಲಡೆಲ್ಫಿಯಾದ ಮೆಲ್ಡ್ರಿಕ್ ಟೇಲರ್. ವೃತ್ತಿ ಬಾಕ್ಸಿಂಗ್‌ನಲ್ಲಿ ಇಬ್ಬರೂ ಸೋಲು ಕಂಡವರಲ್ಲ. ಹನ್ನೊಂದು ಸುತ್ತು ಟೇಲರ್ ವೇಗದಲ್ಲಿ ಮುಂದಿದ್ದರು. ಮೂವರು ತೀರ್ಪುಗಾರರಲ್ಲಿ ಇಬ್ಬರ ಚೀಟಿಯಲ್ಲಿ ಅವರ ಗೆಲುವು ಖಾತ್ರಿಯಾಗಿತ್ತು. ಆದರೆ ಚಾವೆಜ್ ಕೊಟ್ಟ ಗುದ್ದುಗಳು ಕಡಿಮೆಯಾದರೂ ಭಾರಿ. ಟೇಲರ್ ಮುಖ ಊದಿತ್ತು, ಬಾಯಲ್ಲಿ ರಕ್ತ. ಕೊನೆಯ ಸುತ್ತಿನ ಕೊನೆಗೆ, ಇಪ್ಪತ್ತು ಸೆಕೆಂಡೂ ಇಲ್ಲದಿರುವಾಗ, ಚಾವೆಜ್ ಬಲಗೈ ಬೀಸಿ ಅವರನ್ನು ಮೂಲೆಯಲ್ಲಿ ಕೆಡವಿದರು. ಟೇಲರ್ ಹಗ್ಗ ಹಿಡಿದು ಎದ್ದರು. ಸ್ಟೀಲ್ ಎಂಟರವರೆಗೆ ಎಣಿಸಿ, ಸರಿಯಾಗಿದ್ದೀಯಾ ಎಂದು ಎರಡು ಸಲ ಕೇಳಿದರು. ಅಷ್ಟರಲ್ಲಿ ಟೇಲರ್ ಕೋಚ್ ಲೂ ಡುವಾ ಕೂಗುತ್ತ ರಿಂಗಿನ ಅಂಚಿಗೆ ಹತ್ತಿದ್ದರು, ಟೇಲರ್ ನೋಟ ಆ ಕಡೆ ಹೊರಳಿತು. ಉತ್ತರ ಬರಲಿಲ್ಲ. ಸ್ಟೀಲ್ ಕೈ ಬೀಸಿದರು. ಗಡಿಯಾರದಲ್ಲಿ ಎರಡು ಸೆಕೆಂಡು ಉಳಿದಿತ್ತು.

ಎರಡು ಸೆಕೆಂಡಿನಲ್ಲಿ ಚಾವೆಜ್ ರಿಂಗ್ ದಾಟಿ ಬಂದು ಗುದ್ದಲು ಸಾಧ್ಯವೇ ಇರಲಿಲ್ಲ ಎಂಬುದು ಒಂದು ವಾದ. ಕೊನೆಯ ಹತ್ತು ಸೆಕೆಂಡು ಸೂಚಿಸುವ ಕೆಂಪು ದೀಪ ಮೂಲೆಯ ಕಂಬದಲ್ಲಿ ಉರಿಯುತ್ತಿತ್ತು, ಸ್ಟೀಲ್ ಅದನ್ನು ಗಮನಿಸಬೇಕಿತ್ತು ಎಂಬುದು ಇನ್ನೊಂದು. ಗಡಿಯಾರ ತಮ್ಮ ಕೆಲಸವಲ್ಲ ಎಂಬ ನಿಲುವಿಗೆ ಸ್ಟೀಲ್ ಅಂಟಿಕೊಂಡರು, ಮುಂದೆ ಎಷ್ಟೋ ವರ್ಷ ಅವರ ಹೆಸರು ಕರೆದಾಗಲೆಲ್ಲ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಟೇಲರ್ ಕಣ್ಣಿನ ಗೂಡಿನ ಎಲುಬು ಮುರಿದಿತ್ತು. ಪಂದ್ಯದುದ್ದಕ್ಕೂ ಅವರು ತಮ್ಮದೇ ರಕ್ತ ನುಂಗಿದ್ದರು. ಆಮೇಲೆ ಅವರು ಮೊದಲಿನ ಟೇಲರ್ ಆಗಲೇ ಇಲ್ಲ. ಸ್ಟೀಲ್ ನಿಲುವೇ ಸರಿ ಎನ್ನಬೇಕಾಗುತ್ತದೆ. ಇನ್ನೆಷ್ಟು ಹೊತ್ತಿದೆ, ಯಾರು ಗೆಲ್ಲುತ್ತಿದ್ದಾರೆ ಎಂದು ರೆಫರಿ ಲೆಕ್ಕ ಹಾಕತೊಡಗಿದರೆ ಮೂರನೇ ಸುತ್ತಿನಲ್ಲಿ ನಿಲ್ಲಿಸಬೇಕಾದ ಸ್ಥಿತಿಯನ್ನು ಹನ್ನೆರಡನೆಯದರಲ್ಲಿ ನಡೆಯಲು ಬಿಟ್ಟಂತಾಗುತ್ತದೆ. ತಲೆಬುರುಡೆಯೊಳಗಿನ ನಾಳಕ್ಕೆ ಎಷ್ಟನೇ ಸುತ್ತೆಂದು ಗೊತ್ತಿರುವುದಿಲ್ಲ. ಡುವಾ ಅಂಚಿಗೆ ಹತ್ತದಿದ್ದರೆ ಟೇಲರ್ ಉತ್ತರ ಕೊಡುತ್ತಿದ್ದರೇನೋ ಎಂಬ ಪ್ರಶ್ನೆ ಬೇರೆ, ಅದಕ್ಕೆ ಉತ್ತರ ಹೇಳಬೇಕಾದವರು ರೆಫರಿಯಲ್ಲ.

ಸರಿಯಾದ ತೀರ್ಪು ಎಂಬುದು ಎಷ್ಟರಮಟ್ಟಿಗೆ ಆಮೇಲಿನ ಫಲಿತಾಂಶದ ಮೇಲೆ ನಿಂತಿದೆ ಎಂಬುದಕ್ಕೆ 2005ರಷ್ಟು ಸ್ಪಷ್ಟ ವರ್ಷ ಮತ್ತೊಂದಿಲ್ಲ. ಆ ವರ್ಷದ ಮೇ 7ರಂದು ಲಾಸ್ ವೇಗಸ್‌ನಲ್ಲಿ ಲೈಟ್‌ವೇಟ್ ಬಾಕ್ಸರ್ ಡಿಯೇಗೊ ಕೊರಾಲೆಸ್ ಹತ್ತನೇ ಸುತ್ತಿನಲ್ಲಿ ಹೋಸೆ ಲೂಯಿಸ್ ಕಸ್ಟಿಯೊ ಕೈಯಲ್ಲಿ ಎರಡು ಸಲ ಬಿದ್ದರು. ಕಣ್ಣು ಊದಿ ಮುಚ್ಚುವಂತಿತ್ತು. ರೆಫರಿ ಟೋನಿ ವೀಕ್ಸ್ ಎರಡು ಸಲವೂ ಆಡಲು ಬಿಟ್ಟರು. ಕೊರಾಲೆಸ್ ಅದೇ ಸುತ್ತಿನಲ್ಲಿ ತಿರುಗಿಬಿದ್ದು ಕಸ್ಟಿಯೊ ಅವರನ್ನು ಹಗ್ಗಕ್ಕೆ ಒರಗಿಸಿ ಹೊಡೆದರು, ವೀಕ್ಸ್ ಪಂದ್ಯ ನಿಲ್ಲಿಸಿದರು. ಬಾಕ್ಸಿಂಗ್ ಪ್ರಿಯರು ಅದನ್ನು ಇಂದಿಗೂ ಕೊಂಡಾಡುತ್ತಾರೆ, ವೀಕ್ಸ್ ಸಂಯಮವನ್ನೂ ಸೇರಿಸಿ. ಅದೇ ವರ್ಷದ ಸೆಪ್ಟೆಂಬರ್ 17ರಂದು, ಅದೇ ಊರಿನಲ್ಲಿ, ಅದೇ ತೂಕದ ಇನ್ನೊಂದು ಪಂದ್ಯಕ್ಕೂ ವೀಕ್ಸ್ ಅವರೇ ರೆಫರಿ. ಜೆಸೂಸ್ ಚಾವೆಜ್ ಎದುರು ಲೆವಾಂಡರ್ ಜಾನ್ಸನ್ ಹನ್ನೊಂದನೇ ಸುತ್ತಿನವರೆಗೆ ಪೆಟ್ಟು ತಿಂದರು, ಅಲ್ಲಿ ವೀಕ್ಸ್ ನಿಲ್ಲಿಸಿದರು. ಜಾನ್ಸನ್ ತಾವೇ ನಡೆದು ಡ್ರೆಸ್ಸಿಂಗ್ ರೂಮಿಗೆ ಹೋಗಿ, ಅಲ್ಲಿ ಕುಸಿದರು. ಐದು ದಿನಗಳ ನಂತರ ಸಾವು. ಎರಡೂ ಪಂದ್ಯಗಳಲ್ಲಿ ಇದ್ದದ್ದು ಅವೇ ಕಣ್ಣುಗಳು.

ರೆಫರಿಗಿಂತ ಮೊದಲು ನಿಲ್ಲಿಸಬಲ್ಲವರು ಕಾರ್ನರ್‌ನಲ್ಲಿರುವ ಕೋಚ್. ರೆಫರಿಗೆ ಇಂದಿನ ಬಾಕ್ಸರ್ ಮಾತ್ರ ಗೊತ್ತು. ಕೋಚ್‌ಗೆ ನಿನ್ನೆಯವನೂ ಗೊತ್ತು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮಹಮ್ಮದ್ ಅಲಿ ಎದುರು ಹದಿನಾಲ್ಕು ಸುತ್ತು ಆಡಿದ ಜೋ ಫ್ರೇಜರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ನಿಲ್ಲಿಸಬೇಡಿ ಎಂದರೂ ಕೇಳದೆ ಕೋಚ್ ಎಡ್ಡಿ ಫಚ್ ಅವರನ್ನು ಕೊನೆಯ ಸುತ್ತಿಗೆ ಕಳಿಸಲಿಲ್ಲ. 2005ರ ಜೂನ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರಿಕ್ಕಿ ಹ್ಯಾಟನ್ ಎದುರು ಬಳಲಿದ್ದ ಕೋಸ್ತ್ಯ ಜ್ಯೂ ಅವರನ್ನೂ, ಒಂದೇ ಸುತ್ತು ಬಾಕಿ ಇರುವಾಗ, ಕೋಚ್ ಜಾನಿ ಲೂಯಿಸ್ ಸ್ಟೂಲಿನಿಂದ ಏಳಗೊಡಲಿಲ್ಲ. ಇಂಥ ಕೋಚ್‌ಗಳು ವಿರಳ. ಹೆಚ್ಚಿನವರು ಇನ್ನೊಂದೇ ಸುತ್ತು ಎನ್ನುವವರೇ.

ಹುಬ್ಬು ಒಡೆದು ರಕ್ತ ಸುರಿದರೆ ನೋಡುವವರು ನಿಲ್ಲಿಸಿ ಎಂದು ಕೂಗುತ್ತಾರೆ. ಆದರೆ ಗಾಯ ದೊಡ್ಡದಾದ ಮಾತ್ರಕ್ಕೆ ನಿಲ್ಲಿಸುವುದಿಲ್ಲ. ರಕ್ತ ಕಣ್ಣಿಗಿಳಿದು ಗುದ್ದು ಬರುವುದು ಕಾಣದಂತಾದರೆ, ಅಥವಾ ರೆಪ್ಪೆಯೇ ಸೀಳಿದ್ದರೆ, ಡಾಕ್ಟರನ್ನು ಕರೆಸಿ ಕೇಳಿ ನಿಲ್ಲಿಸುತ್ತಾರೆ.

ಭಾರತದ ಬಹುಪಾಲು ಬಾಕ್ಸರುಗಳು ಆಡುವ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಕಟ್ಟುಪಾಡು ಬೇರೆ. ಮೂರೇ ಸುತ್ತು. ಬಾಕ್ಸರ್ ಬೀಳದಿದ್ದರೂ ತತ್ತರಿಸಿದನೆಂದು ಕಂಡರೆ ರೆಫರಿ ನಿಲ್ಲಿಸಿ ಎಂಟರವರೆಗೆ ಎಣಿಸಬಹುದು. ಎಣಿಕೆಗಳು ಒಂದು ಮಿತಿ ಮೀರಿದರೆ ಪಂದ್ಯ ತಾನಾಗಿ ಮುಗಿಯುತ್ತದೆ. ಫಲಿತಾಂಶದಲ್ಲಿ ಆರ್‌ಎಸ್‌ಸಿ, ಅಂದರೆ ರೆಫರಿ ನಿಲ್ಲಿಸಿದ ಪಂದ್ಯ, ಎಂದು ಬರುತ್ತದೆ. ತಲೆಗೆ ಪೆಟ್ಟು ಬಿದ್ದು ಸೋತವರು ಕನಿಷ್ಠ 30 ದಿನ ಆಡುವಂತಿಲ್ಲ. ವೃತ್ತಿಪರ ಬಾಕ್ಸಿಂಗ್ ಬಹುತೇಕ ಕಡೆ ಈ ನಿಂತಲ್ಲೇ ಎಣಿಸುವ ಪದ್ಧತಿಯನ್ನು ಕೈಬಿಟ್ಟಿದೆ. ಬಿಟ್ಟದ್ದಕ್ಕೆ ಕಾರಣವೂ ಇದೆ: ಎಣಿಸಬಹುದೆಂದಾದರೆ ನಿಲ್ಲಿಸಲೇಬೇಕಾದ ಕಡೆಯೂ ರೆಫರಿ ಎಣಿಸಿ, ಉಸಿರು ತೆಗೆದುಕೊಳ್ಳಲು ಬಿಟ್ಟು, ಅವನನ್ನು ಮತ್ತೆ ಹೊಡೆತಕ್ಕೆ ಒಡ್ಡುತ್ತಾರೆ.

ನಿಲ್ಲಿಸಿದ ಮೇಲಿನ ನಿಮಿಷಗಳೂ ಈ ವಿಷಯಕ್ಕೇ ಸೇರಿದವು. 1991ರ ಸೆಪ್ಟೆಂಬರ್ 21ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಮೈಕೆಲ್ ವಾಟ್ಸನ್ ಹನ್ನೊಂದನೇ ಸುತ್ತಿನ ಕೊನೆಗೆ ಕ್ರಿಸ್ ಯೂಬ್ಯಾಂಕ್‌ರನ್ನು ಕೆಡವಿದರು. ಎದ್ದ ಯೂಬ್ಯಾಂಕ್ ಕೊಟ್ಟ ಮರುಗುದ್ದಿಗೆ ಬಿದ್ದ ವಾಟ್ಸನ್ ತಲೆ ಹಗ್ಗಕ್ಕೆ ಬಡಿಯಿತು. ಹನ್ನೆರಡನೆಯದರ ಮೊದಲ ಅರ್ಧ ನಿಮಿಷದಲ್ಲೇ ರೆಫರಿ ರಾಯ್ ಫ್ರಾನ್ಸಿಸ್ ನಿಲ್ಲಿಸಿದರು, ವಾಟ್ಸನ್ ಕುಸಿದರು. ಉಸಿರಾಟಕ್ಕೆ ನೆರವು ಕೊಡುವ ವ್ಯವಸ್ಥೆ ರಿಂಗಿನ ಬಳಿ ಇರಲಿಲ್ಲ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಮಿದುಳು ಶಸ್ತ್ರಚಿಕಿತ್ಸೆಯ ಸೌಲಭ್ಯವಿರಲಿಲ್ಲ. ನಲವತ್ತು ದಿನ ಕೋಮಾ, ಆರು ಶಸ್ತ್ರಚಿಕಿತ್ಸೆ. ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯ ಮೇಲೆ ವಾಟ್ಸನ್ ಹೂಡಿದ ದಾವೆಯಲ್ಲಿ 1999ರಲ್ಲಿ ಅವರಿಗೆ ಗೆಲುವಾಯಿತು, 2000ದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ರೆಫರಿಯ ತೀರ್ಪನ್ನು ಆ ದಾವೆ ಪ್ರಶ್ನಿಸಲಿಲ್ಲ. ಆಮೇಲಿನ ವ್ಯವಸ್ಥೆಯನ್ನು ಪ್ರಶ್ನಿಸಿತು. ಬ್ರಿಟನ್ನಿನಲ್ಲಿ ಈಗ ಅರಿವಳಿಕೆ ಮತ್ತು ಜೀವರಕ್ಷಣೆಯಲ್ಲಿ ನುರಿತ ವೈದ್ಯರು ಹಾಗೂ ಆಂಬುಲೆನ್ಸ್ ರಿಂಗಿನ ಬಳಿ ಇಲ್ಲದೆ ಪಂದ್ಯ ಶುರುವಾಗುವುದಿಲ್ಲ. ಮಿದುಳು ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಮೊದಲೇ ಸುದ್ದಿ ಮುಟ್ಟಿಸಿರಬೇಕು.

ಇದೇ ಪ್ರಶ್ನೆ ನಮ್ಮಲ್ಲೂ ಎದ್ದಿದೆ. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕ ಮುಖಕ್ಕೆ ಗುದ್ದು ಬಿದ್ದು ಕುಸಿದ, ಮತ್ತೆ ಏಳಲಿಲ್ಲ. ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ತುರ್ತು ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂದು ಹೆತ್ತವರು ಪೊಲೀಸರಿಗೆ ದೂರು ಕೊಟ್ಟರು.